ಮೇಲೆ ಕೆಂಪು, ಕೆಳಗೆ ಹಸಿರು

ಮೇಷ್ಟ್ರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಾರೆ. ಕಾಲೇಜಿನ ಹೆಸರೂ ಬೇಡ, ಊರಿನ ಹೆಸರೂ ಬೇಡ ಅಂದರು. ಊರೇ ಇಲ್ಲದಿದ್ದರೆ ಹೊಗೆಸೊಪ್ಪಿನ ವಿಷಯವನ್ನು ಎಲ್ಲಿ ತಂದು ಸುರಿಯಲಿ ಸಾರ್ ಎಂದು ಚೌಕಾಸಿ ಮಾಡಿ ಹುಣಸೂರಿನ ಮಟ್ಟಿಗೆ ಒಪ್ಪಿಸಿದೆ. ಹೋದ ತಿಂಗಳು ಅವರು ನಿವೃತ್ತರಾದರು. ಹಳೆಯ ವಿದ್ಯಾರ್ಥಿನಿ ಅಂತ ನನಗೂ ವೇದಿಕೆಯಲ್ಲಿ ಎರಡು ನಿಮಿಷ ಕೊಟ್ಟಿದ್ದರು. ನಾನು ಎಲ್ಲರೂ ಆಡುವ ಹಾಗೆ ಸರಳತೆ, ಸಜ್ಜನಿಕೆ ಎಂದೆಲ್ಲ ಹೇಳಿ ಇಳಿದೆ. ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಣಸೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಅವರು ನಮಗೆ ಸೆನ್ಸಾರ್‌ಗಳ ಪಾಠ ಮಾಡುತ್ತಿದ್ದರು. ಪಿರಿಯಾಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕುಳ್ಳನೆಯ ಆಳು, ಗಟ್ಟಿ ದನಿ, ಎರಡೂ ಜೇಬಿನಲ್ಲಿ ಸ್ಕ್ರೂಡ್ರೈವರು. ವರ್ಷವಿಡೀ ಬಿಳಿ ಅಂಗಿ, ಕರಿ ಪ್ಯಾಂಟು. ಮದುವೆಮನೆಗೂ ಅದೇ, ಸಾವಿನ ಮನೆಗೂ ಅದೇ. ಎಂಥ ಸರಳ ಜೀವಿ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

ಮೊದಲ ದಿನದ ಕ್ಲಾಸು ನನಗೆ ಈಗಲೂ ಬಾಯಿಪಾಠ. ಸೆನ್ಸಾರ್ ಎಂದರೇನು ಎಂದು ಕೇಳಿದರು. ಮುಂದಿನ ಬೆಂಚಿನವರು ಪುಸ್ತಕದ ವ್ಯಾಖ್ಯೆ ಒಪ್ಪಿಸಿದರು. ಮೇಷ್ಟ್ರು ಅದನ್ನು ಕೇಳಿ ಮುಗಿಸಿ, ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಚಾಡಿಕೋರ' ಎಂದು ಬರೆದರು. ಅಲ್ಲಿ ನಡೆದದ್ದನ್ನು ಇಲ್ಲಿ ಬಂದು ಹೇಳುವವನು ಚಾಡಿಕೋರ. ಅವನಿಗೆ ಮೂರು ಗುಣ ಇರಬೇಕು. ಬೇಗ ಹೇಳಬೇಕು, ತನ್ನದೇನೂ ಸೇರಿಸದೆ ಹೇಳಬೇಕು, ತಾನು ಅಲ್ಲಿದ್ದದ್ದರಿಂದ ಅಲ್ಲಿನ ವಿಷಯ ಕೆಡಬಾರದು. ನಿಮ್ಮೂರಿನಲ್ಲಿ ಇಂಥವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನಾನು ಮನೆಗೆ ಹೋಗುತ್ತೇನೆ, ಅವರೇ ಪಾಠ ಮಾಡಲಿ ಎಂದರು.

ಚಾಡಿಕೋರರಲ್ಲಿ ಮೂರು ಜಾತಿ ಎಂದು ಪಾಠ ಮುಂದುವರಿಯಿತು. ಮೊದಲನೆಯವನು ಮುಟ್ಟಿ, ತಳ್ಳಿ ಹೇಳುವವನು. ಸನ್ನೆಗೋಲು, ಸ್ಪ್ರಿಂಗು, ತೇಲುಗುಂಡು ಇವನ ಕಡೆಯವು. ಎರಡನೆಯವನು ತಂತಿಯಲ್ಲಿ ಪಿಸುಗುಟ್ಟುವವನು. ಇವನದು ಕರೆಂಟಿನ ವ್ಯವಹಾರ. ಮೂರನೆಯವನು ದೂರದಲ್ಲಿ ನಿಂತು, ಯಾರನ್ನೂ ಮುಟ್ಟದೆ, ಬೆಳಕಿನಲ್ಲಿ ನೋಡಿ ಹೇಳುವವನು. ಮೂವರಲ್ಲಿ ಇವನೇ ಜಾಣ, ಆದರೆ ಇವನನ್ನೇ ಹೆಚ್ಚು ಅನುಮಾನಿಸಬೇಕು ಅನ್ನುತ್ತಿದ್ದರು. ಯಾಕೆ ಸಾರ್ ಎಂದು ಕೇಳಿದರೆ, ಕಣ್ಣನ್ನು ನಂಬಿ ಕೆಟ್ಟವರ ಪಟ್ಟಿ ಕೊಡಲೇನು ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ದಿನ ಕ್ಯಾಂಟೀನಿನಲ್ಲಿ ನಾನು ಆಗಷ್ಟೇ ಟೀ ತೆಗೆದುಕೊಂಡು ಕೂತಿದ್ದೆ. ಮೇಷ್ಟ್ರು ಬಂದವರೇ ಜೇಬಿನಿಂದ ಒಂದು ದಪ್ಪ ಸ್ಪ್ಯಾನರ್ ತೆಗೆದು, ಅಂಗಿಗೆ ಒರೆಸಿ, ನನ್ನ ಲೋಟಕ್ಕೆ ಇಳಿಬಿಟ್ಟರು. ನಿಧಾನವಾಗಿ ಹತ್ತು ಎಣಿಸಿ ತೆಗೆದು, ಈಗ ಕುಡಿಯಮ್ಮ ಎಂದರು. ಟೀ ತಣ್ಣಗಾಗಿತ್ತು. ಬಿಸಿ ಎಷ್ಟಿದೆ ಎಂದು ವಿಚಾರಿಸಲು ಹೋಗಿ ಬಿಸಿಯನ್ನೇ ಕಳೆದ, ಇಂಥ ಚಾಡಿಕೋರನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡ ಎಂದು ಎದ್ದು ಹೋದರು. ಪಾಠವೇನೋ ತಲೆಯಲ್ಲಿ ನಿಂತಿತು. ಇನ್ನೊಂದು ಟೀ ಮಾತ್ರ ಕೊಡಿಸಲಿಲ್ಲ.

ಏರುವಾಗ ಒಂದು ಅಳತೆ, ಇಳಿಯುವಾಗ ಇನ್ನೊಂದು ಅಳತೆ ತೋರಿಸುವ ದೋಷವೊಂದಿದೆ, ಹಿಸ್ಟೆರಿಸಿಸ್ ಅನ್ನುತ್ತಾರೆ. ಅದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ಪ್ರಿನ್ಸಿಪಾಲರ ಸಿಟ್ಟು. ಏರಲು ಒಂದು ನಿಮಿಷ, ಇಳಿಯಲು ಒಂದು ಸೆಮಿಸ್ಟರು. ಪರೀಕ್ಷೆಯಲ್ಲಿ ನಮ್ಮಲ್ಲಿ ನಾಲ್ವರು ಇದನ್ನೇ ಬರೆದು ಪೂರ್ತಿ ಅಂಕ ಪಡೆದರು. ಉತ್ತರಪತ್ರಿಕೆ ಪ್ರಿನ್ಸಿಪಾಲರ ಕೈಗೆ ಹೋಗದ ಹಾಗೆ ನೋಡಿಕೊಂಡವರೂ ಮೇಷ್ಟ್ರೇ.

ನನ್ನ ಸಹಪಾಠಿ ಮಾದೇಶ ಎಚ್.ಡಿ. ಕೋಟೆ ಕಡೆಯವನು, ಹಂಪಾಪುರದಿಂದಾಚೆ ಅವನ ಊರು. ಲ್ಯಾಬಿನ ದುಬಾರಿ ಸಾಮಾನುಗಳನ್ನು ಕಂಡರೆ ಅವನಿಗೆ ಅಂಜಿಕೆ. ನಿಮ್ಮನೆಯಲ್ಲಿ ಸೆನ್ಸಾರ್ ಏನಿದೆ ಎಂದು ಮೇಷ್ಟ್ರು ಕೇಳಿದಾಗ ಏನೂ ಇಲ್ಲ ಎಂದು ತಲೆ ತಗ್ಗಿಸಿದ. ಹೊಲಕ್ಕೆ ಹಂದಿ ಬಂದರೆ ಹೇಗೆ ಗೊತ್ತಾಗುತ್ತದೆ ಎಂದು ಮತ್ತೆ ಕೇಳಿದರು. ಬೇಲಿಗೆ ತಂತಿ ಎಳೆದು, ತಂತಿಗೆ ಕಲ್ಲು ತುಂಬಿದ ಡಬ್ಬ ಕಟ್ಟಿದ್ದೇವೆ ಅಂದ. ಗಾಳಿಗೂ ಅಲ್ಲಾಡುವುದಿಲ್ಲವೇ? ಗಾಳಿಗೆ ಅಲ್ಲಾಡದಷ್ಟು ಕಲ್ಲು ಹಾಕುತ್ತೇವೆ, ಹಂದಿಗೆ ಅಲ್ಲಾಡುವಷ್ಟೇ ಹಾಕುತ್ತೇವೆ. ಎಷ್ಟು ಹಾಕಬೇಕೆಂದು ನಮ್ಮ ತಾತ ಒಂದು ಮಳೆಗಾಲ ಪೂರ್ತಿ ನೋಡಿ ಗೊತ್ತುಮಾಡಿದ್ದು ಅಂದ. ಮೇಷ್ಟ್ರು ಚಾಕ್‌ಪೀಸನ್ನು ಅವನ ಕೈಗೆ ಕೊಟ್ಟು, ತಾವು ಹೋಗಿ ಅವನ ಜಾಗದಲ್ಲಿ ಕೂತರು. ಅವತ್ತು ಪೂರ್ತಿ ಮಾದೇಶನದೇ ಪಾಠ. ಅಂದಿನಿಂದ ಅವನು ಮೇಷ್ಟ್ರಿಗಾಗಿ ಜೀವ ಕೊಡಲೂ ಸಿದ್ಧನಿದ್ದ, ಅವರ ಮೇಲೆ ಚೇಷ್ಟೆ ಮಾಡಲೂ ಮೊದಲಿಗನಾಗಿದ್ದ.

ಲ್ಯಾಬಿನಲ್ಲಿ ಅವರದೊಂದು ಪದ್ಧತಿ. ಯಾವುದನ್ನೇ ಆಗಲಿ ಮೂರು ಬಗೆಯಲ್ಲಿ ಅಳೆಯಬೇಕು. ಇಬ್ಬರು ಒಂದೇ ಮಾತು ಹೇಳಿ ಮೂರನೆಯವನು ಬೇರೆ ಹೇಳಿದರೆ ಆ ಮೂರನೆಯವನನ್ನು ಹಿಡಿದು ವಿಚಾರಿಸಬೇಕು. ಅಳತೆಯನ್ನು ಅವರು ತಾವೇ ಓದುತ್ತಿರಲಿಲ್ಲ, ಅದಕ್ಕೆ ಒಬ್ಬರನ್ನು ನೇಮಿಸುತ್ತಿದ್ದರು. ನಮ್ಮ ಬ್ಯಾಚಿನಲ್ಲಿ ಆ ಕೆಲಸ ನನ್ನದು. ನಿಂತು, ನೋಡಿ, ಜೋರಾಗಿ ಹೇಳಬೇಕು. ಕಂಡದ್ದನ್ನು ಹೇಳು, ನನಗೆ ಬೇಕಾದ್ದನ್ನಲ್ಲ ಎಂಬ ಮಾತನ್ನು ದಿನಕ್ಕೊಂದು ಸಲವಾದರೂ ಅವರಿಂದ ಕೇಳುತ್ತಿದ್ದೆ. ರೆಸಿಸ್ಟರ್‌ಗಳ ಮೇಲೆ ಬಣ್ಣದ ಪಟ್ಟಿಗಳಿರುತ್ತವೆ, ಅವನ್ನು ನೋಡಿಯೇ ಅದು ಕರೆಂಟನ್ನು ಎಷ್ಟು ತಡೆಯುತ್ತದೆಂದು ಹೇಳಬಹುದು. ಮೇಷ್ಟ್ರು ಮಾತ್ರ ಬಣ್ಣ ನಂಬಬೇಡಿ ಎಂದು ಒಂದೊಂದನ್ನೂ ಮೀಟರಿಗೆ ಹಿಡಿಸುತ್ತಿದ್ದರು. ಎಂಥ ಶಿಸ್ತು ಎಂದು ಅದನ್ನೂ ಮೆಚ್ಚಿಕೊಂಡೆವು.

ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವುದರಲ್ಲಿ ನಮ್ಮವ್ವನನ್ನು ಮೀರಿಸುವವರು ಸುತ್ತ ಇರಲಿಲ್ಲ. ಪಕ್ಕದ ಮನೆಯವಳ ಜೊತೆ ಜಗಳ ಆಡುತ್ತಲೇ ಎಲೆಗಳನ್ನು ನಾಲ್ಕು ಗುಡ್ಡೆಗೆ ಎಸೆಯುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ನಾನೂ ಅವಳ ಪಕ್ಕ ಕೂತು ಬೆಳೆದವಳು. ಕಣ್ಣಳತೆಯಲ್ಲಿ ನಡೆಯುವ ಒಂದು ಕೆಲಸವನ್ನು ಮನೆಯಿಂದ ಹುಡುಕಿ ತನ್ನಿ, ಆ ಕಣ್ಣಿನ ಜಾಗದಲ್ಲಿ ಒಂದು ಯಂತ್ರ ಕೂರಿಸೋಣ ಎಂದು ಮೇಷ್ಟ್ರು ಹೇಳಿದಾಗ ನಾನು ಎರಡು ಎಲೆ ತಂದೆ. ಒಂದು ಕಂದಾಗಿತ್ತು, ಇನ್ನೊಂದು ಬೆಂದರೂ ಹಸಿರು ಬಿಡದೆ ಉಳಿದಿತ್ತು.

ಮೇಷ್ಟ್ರು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಬೆರಳಲ್ಲಿ ಉಜ್ಜಿದರು, ಮೂಸಿದರು, ಕಿವಿಯ ಹತ್ತಿರ ಹಿಡಿದು ಮಡಚಿದರು. ಆಮೇಲೆ, ಇವೆರಡಕ್ಕೂ ಏನು ವ್ಯತ್ಯಾಸ, ನಿನ್ನ ಬಾಯಲ್ಲೇ ಬರಲಿ ಎಂದರು. ವಿದ್ಯಾರ್ಥಿಯಿಂದಲೇ ಉತ್ತರ ತೆಗೆಸುವ ಮಹಾನ್ ಗುರು ಅಂದುಕೊಂಡು ನಾನು ಅರ್ಧ ಗಂಟೆ ವಿವರಿಸಿದೆ.

ಯಂತ್ರವೂ ಆಯಿತು. ಒಳಗೆ ಕಪ್ಪು ಬಳಿದ ಬಿಸ್ಕತ್ತಿನ ಡಬ್ಬ. ಅದರಲ್ಲಿ ಒಂದು ಪುಟ್ಟ ಬಲ್ಬು, ಬೆಳಕು ಬಿದ್ದಷ್ಟೂ ಕರೆಂಟನ್ನು ಹೆಚ್ಚು ಬಿಡುವ ಒಂದು ಬಿಲ್ಲೆ. ತೂತಿಗೆ ಎಲೆ ಇಟ್ಟು, ಮಿಠಾಯಿ ಸುತ್ತುವ ಕೆಂಪು ಕಾಗದದ ಮೂಲಕ ಒಮ್ಮೆ, ಹಸಿರು ಕಾಗದದ ಮೂಲಕ ಒಮ್ಮೆ ಮೀಟರು ನೋಡಬೇಕು. ಎರಡು ಅಳತೆ ಹೋಲಿಸಿದರೆ ಎಲೆಯ ಬಣ್ಣ ಗೊತ್ತಾಗುತ್ತಿತ್ತು. ನಮ್ಮವ್ವ ಅದನ್ನು ನೋಡಿ, ಇದು ಒಂದು ಎಲೆ ನೋಡೋ ಹೊತ್ತಿಗೆ ನಾನು ಒಂದು ಹೊರೆ ನೋಡಿ ಅಡಿಗೇನೂ ಮಾಡ್ತೀನಿ ಅಂದಳು. ಮೇಷ್ಟ್ರು ಮಾತ್ರ ಅದನ್ನು ಎರಡು ಕೈಯಲ್ಲಿ ಹಿಡಿದು, ಒಂದು ವಾರ ನನ್ನ ಹತ್ತಿರ ಇರಲಿ ಎಂದು ತೆಗೆದುಕೊಂಡು ಹೋದರು. ವಾರ ಹೋಗಿ ತಿಂಗಳಾದರೂ ಡಬ್ಬ ವಾಪಸ್ಸು ಬರಲಿಲ್ಲ.

ಅದನ್ನು ಪತ್ತೆ ಹಚ್ಚಿದವನು ಮಾದೇಶ. ಹುಣಸೂರಿನ ಸಂತೆಯಲ್ಲಿ ಮೇಷ್ಟ್ರು ಟೊಮೆಟೊ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಟೊಮೆಟೊವನ್ನು ನನ್ನ ಡಬ್ಬದ ತೂತಿಗಿಟ್ಟು ಮೀಟರು ನೋಡುತ್ತಿದ್ದರಂತೆ. ಮಾರುವ ಹೆಂಗಸು ಸುಮಾರು ಹೊತ್ತು ತಡೆದುಕೊಂಡು, ಕೊನೆಗೆ, "ಅದ್ಕೇನ್ ಜ್ವರ ಬಂದಿಲ್ಲ ಕಣಿ ಸಾ, ಕಣ್ಣಲ್ಲೇ ನೋಡಿ ತಕ್ಕಳಿ" ಅಂದಳಂತೆ. ಮಾದೇಶ ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಇಬ್ಬರೂ ಲೆಕ್ಕ ಹಾಕತೊಡಗಿದೆವು. ಬಿಳಿ ಅಂಗಿ, ಮೀಟರಿಗೆ ಹಿಡಿದ ರೆಸಿಸ್ಟರು, ಕಿವಿಯ ಹತ್ತಿರ ಮಡಚಿದ ಎಲೆ ಎಲ್ಲವೂ ಒಟ್ಟಿಗೆ ನೆನಪಾದವು. ಮೇಷ್ಟ್ರಿಗೆ ಕೆಂಪು ಹಸಿರು ಕಾಣುವುದಿಲ್ಲ ಎಂದು ಮಾದೇಶ ತೀರ್ಪು ಕೊಟ್ಟ. ಸಾಧ್ಯವೇ ಇಲ್ಲ ಎಂದು ನಾನು ಹಟ ಹಿಡಿದೆ. ಒಂದು ಮಸಾಲೆ ದೋಸೆ ಪಂಥವಾಯಿತು.

ಆಗ ವರ್ಷದ ಕೊನೆ. ಪ್ರಾಕ್ಟಿಕಲ್ ಪರೀಕ್ಷೆಗೆಂದು ಮೇಷ್ಟ್ರು ಮನೆಯಲ್ಲಿ ಕೂತು, ಹಲಗೆಯ ಮೇಲೆ ಸಲಕರಣೆ ಜೋಡಿಸಿ ಹೊಸದೊಂದು ಬೋರ್ಡು ಕಟ್ಟಿದ್ದರು. ಅದನ್ನು ಹೊತ್ತು ತರಲು ಮಾದೇಶನೂ ನಾನೂ ಪಿರಿಯಾಪಟ್ಟಣಕ್ಕೆ ಹೋದೆವು. ಮೇಷ್ಟ್ರ ಹೆಂಡತಿ ಕೆ.ಆರ್. ನಗರದ ಕಡೆಯವರು, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಮೇಡಂ ಅನ್ನಬೇಡಿ, ಅಕ್ಕ ಅನ್ನಿ ಎಂದು ಒಳಗೆ ಕರೆದು ಚಕ್ಕುಲಿ ಕೊಟ್ಟರು. ಗೋಡೆಯ ಗೂಟಗಳಿಗೆ ತುಂಡು ಬಟ್ಟೆಯ ಪುಟ್ಟ ಚೀಲಗಳು ನೇತಾಡುತ್ತಿದ್ದವು. ಕೆಲವಕ್ಕೆ ಒಂದು ಗಂಟು, ಕೆಲವಕ್ಕೆ ಎರಡು. ಒಂದು ಗಂಟಿನದರಲ್ಲಿ ಕೆಂಪು ತಂತಿ, ಎರಡು ಗಂಟಿನದರಲ್ಲಿ ಹಸಿರು ತಂತಿ ಇರುವುದನ್ನು ನಾನೇ ಇಣುಕಿ ನೋಡಿದೆ. ಇದೇನಕ್ಕ ಎಂದರೆ, ಏನೋ ನಮ್ಮ ಲೆಕ್ಕ, ನೀನು ಚಕ್ಕುಲಿ ತಿನ್ನು ಅಂದರು.

ಬೋರ್ಡು ನಿಜಕ್ಕೂ ಚೆನ್ನಾಗಿತ್ತು. ಒಂದು ಗಾಜಿನ ತೊಟ್ಟಿ, ಅದರಲ್ಲಿ ನೀರು ಎಷ್ಟಿದೆ ಎಂದು ಹೇಳಲು ಮೂವರು ಚಾಡಿಕೋರರು. ಒಂದು ತೇಲುಗುಂಡು, ಅದು ಎದ್ದರೆ ಸನ್ನೆಯ ಕಡ್ಡಿ ಮೇಲಕ್ಕೆ ಏರುತ್ತಿತ್ತು. ಇಳಿಬಿಟ್ಟ ಎರಡು ತಂತಿ, ನೀರು ಮುಟ್ಟಿದರೆ ಮೀಟರಿನ ಮುಳ್ಳು ಹೊರಳುತ್ತಿತ್ತು. ಮೂರನೆಯದು ಪಕ್ಕದ ಕೊಪ್ಪದ ಅಂಗಡಿಯಲ್ಲಿ ಕೊಂಡ ಆಟಿಕೆ ಟಾರ್ಚಿನ ಬೆಳಕು. ತೊಟ್ಟಿಯ ಕಂಠದಲ್ಲಿ ಒಂದು ಬೆಂಡಿನ ಚೂರು ಮೇಲೆದ್ದು ಆ ಬೆಳಕಿಗೆ ಅಡ್ಡ ಬಂದರೆ ಮೇಲಿನ ದೀಪ ಹತ್ತಬೇಕು, ಇಲ್ಲದಿದ್ದರೆ ಕೆಳಗಿನದು. ಎರಡರೊಳಗೂ ಮಾಮೂಲಿ ಬಲ್ಬು, ಮೇಲೆ ತಿರುಗಿಸಿ ಹಾಕುವ ಪ್ಲಾಸ್ಟಿಕ್ ಮುಚ್ಚಳ. ಮೇಲಿನದಕ್ಕೆ ಕೆಂಪು ಮುಚ್ಚಳ, ತೊಟ್ಟಿ ತುಂಬಿದೆ ಎಂದರ್ಥ. ಕೆಳಗಿನದಕ್ಕೆ ಹಸಿರು, ಇನ್ನೂ ಜಾಗವಿದೆ ಎಂದರ್ಥ.

ಶನಿವಾರ ಮಧ್ಯಾಹ್ನ ಬೋರ್ಡು ಲ್ಯಾಬಿಗೆ ಬಂತು. ಅನುಮಾನ ಬಂದಾಗ ಒಂದೇ ಒಂದು ಸಂಗತಿ ಬದಲಾಯಿಸಿ ನೋಡಿ, ಉಳಿದದ್ದನ್ನು ಮುಟ್ಟಬೇಡಿ ಎಂದು ಮೇಷ್ಟ್ರೇ ಕಲಿಸಿದ್ದರಲ್ಲ. ಅವರು ಟೀಗೆ ಹೋದಾಗ ನಾನು ಬಾಗಿಲು ಕಾದೆ, ಮಾದೇಶ ಎರಡು ಮುಚ್ಚಳಗಳನ್ನು ಅದಲುಬದಲು ಮಾಡಿದ. ಮೇಷ್ಟ್ರು ಬಂದು ನೀರು ಹೊಯ್ದರು. ಮೇಲಿನ ದೀಪ ಹಸಿರಾಗಿ ಹತ್ತಿತು. ನೋಡಿ, ಕೆಂಪು ಬಂತು, ತುಂಬಿತು ಎಂದು ಕೈ ಒರೆಸಿಕೊಂಡರು. ಮಾದೇಶ ನನ್ನ ಕಡೆ ತಿರುಗಿ ಗಾಳಿಯಲ್ಲೇ ದೋಸೆ ಮುರಿದು ತಿಂದ. ನನಗೂ ನಗು ತಡೆಯಲಾಗಲಿಲ್ಲ, ಸುಳ್ಳೇಕೆ ಹೇಳಲಿ.

ಮುಚ್ಚಳಗಳನ್ನು ಮತ್ತೆ ಸರಿಮಾಡಬೇಕು ಅನ್ನುವಷ್ಟರಲ್ಲಿ ಅಟೆಂಡರ್ ನಂಜಪ್ಪಣ್ಣ ಬೀಗದ ಕೈ ಅಲ್ಲಾಡಿಸುತ್ತ ಬಂದ. ತನ್ನ ಬಸ್ಸು ತಪ್ಪಿಹೋಗುತ್ತದೆಂದು ನಮ್ಮ ಮೂವರನ್ನೂ ಆಚೆ ಕಳಿಸಿ ಬೀಗ ಹಾಕಿದ. ಸೋಮವಾರ ಪರೀಕ್ಷೆ. ಪರೀಕ್ಷಕರು ಬಂದ ಮೇಲೆಯೇ ಲ್ಯಾಬು ತೆಗೆಯುವುದು. ಬೆಳಿಗ್ಗೆ ಮೇಷ್ಟ್ರನ್ನು ಮೂಲೆಗೆ ಕರೆದು ಹೀಗೀಗಾಯಿತು ಎಂದು ಹೇಳಿಬಿಡಬಹುದಿತ್ತು. ಇಬ್ಬರೂ ನೀನು ಹೇಳು, ನೀನು ಹೇಳು ಎಂದು ಕಿತ್ತಾಡುತ್ತಿದ್ದಂತೆಯೇ ಗಂಟೆ ಹೊಡೆಯಿತು.

ಮೈಸೂರಿನಿಂದ ಬಂದ ಪರೀಕ್ಷಕರು ಇಸ್ತ್ರಿ ಕೆಡದ ಮನುಷ್ಯ. ತಾವೇ ತಂಬಿಗೆ ಹಿಡಿದು ತೊಟ್ಟಿ ತುಂಬಿಸಿದರು. ಸನ್ನೆಯ ಕಡ್ಡಿ ಏರಿತು. ಮೀಟರಿನ ಮುಳ್ಳು ಹೊರಳಿತು. ದೀಪ ಏನನ್ನುತ್ತದೆ ಎಂದು ಮೇಷ್ಟ್ರನ್ನು ಕೇಳಿದರು. ಮೇಲಿನ ದೀಪವನ್ನು ನೋಡಿ, ಕೆಂಪು ಸರ್, ತುಂಬಿದೆ ಎಂದರು ಮೇಷ್ಟ್ರು. ಪರೀಕ್ಷಕರು ದೀಪವನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರೋ ಏನೋ, ಮುಖ ಗಂಟಿಕ್ಕಿದರು. ನನ್ನ ಕಡೆ ತಿರುಗಿ, ಅಳತೆ ಓದುವವಳು ನೀನಲ್ಲವೇ, ಯಾವ ದೀಪ ಹತ್ತಿದೆ ಹೇಳು ಎಂದರು.

ನನ್ನ ಮುಂದೆ ಹಸಿರು ದೀಪ ಉರಿಯುತ್ತಿತ್ತು. ಹಸಿರು ಎಂದರೆ ಮೇಷ್ಟ್ರ ಮಾನ ಹೋಗುತ್ತಿತ್ತು. ಕೆಂಪು ಎಂದೆ.

ನನಗೆ ಹಸಿರು ಕಾಣ್ತಿದೆಯಲ್ಲ ಎಂದರು ಪರೀಕ್ಷಕರು. ಮೇಷ್ಟ್ರು ಅವಸರ ಮಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಂಜಪ್ಪಣ್ಣನನ್ನು ಕರೆದು ಅದನ್ನೇ ಕೇಳಿದರು. ಅವನಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ, ಹಸ್ರು ಅಲ್ವಾ ಸಾ ಅಂದ. ಮೇಷ್ಟ್ರು ನನ್ನ ಮುಖ ನೋಡಿದರು. ಇಬ್ಬರು ಒಂದು ಮಾತು ಹೇಳಿದ್ದರು, ಮೂರನೆಯವಳು ನಾನು.

"ಕಂಡಿದ್ದು ಹಸಿರಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಯಾಕೆ ಕೆಂಪು ಎಂದೆ ಎಂದು ಕೇಳಲಿಲ್ಲ. ಅವರಿಗೆ ಅರ್ಥವಾಗಿತ್ತು. ಪರೀಕ್ಷಕರ ಕಡೆ ತಿರುಗಿ, ಪಾಠ ಮಾಡುವ ಅದೇ ದನಿಯಲ್ಲಿ ಹೇಳಿದರು: "ಸರ್, ನನಗೆ ಕೆಂಪು ಹಸಿರು ಹುಟ್ಟಿನಿಂದ ಗೊತ್ತಾಗಲ್ಲ. ಈ ಹುಡುಗಿಗೆ ಅದು ಗೊತ್ತಾಗಿದೆ. ನನ್ನ ಮಾನ ಉಳಿಸೋಕೆ ಸುಳ್ಳು ಓದಿದಳು. ಸುಳ್ಳು ಓದಿದ್ದಕ್ಕೆ ಎರಡು ಮಾರ್ಕ್ಸ್ ಕಳೀರಿ. ಮುಚ್ಚಳ ತಪ್ಪು ಹಾಕಿದವನು ನಾನು, ಅದಕ್ಕೆ ನನ್ನ ಹೆಸರು ಬರ್ಕೊಳಿ."

ಆಗ ನಾನು ಬಾಯಿ ಬಿಡಬೇಕಿತ್ತು, ಮಾದೇಶನೂ ಬಿಡಬೇಕಿತ್ತು. ಎರಡನೇ ವರ್ಷದ ಪರೀಕ್ಷೆ, ಡಿಬಾರ್ ಆದರೆ ಮನೆಯಲ್ಲಿ ಚರ್ಮ ಸುಲಿಯುತ್ತಾರೆ ಎಂಬ ಭಯ. ಇಬ್ಬರೂ ಗೋಡೆ ನೋಡುತ್ತ ನಿಂತೆವು. ಪರೀಕ್ಷಕರು ನನ್ನ ಎರಡು ಅಂಕ ಕಳೆದರು. ಆ ಎರಡು ಅಂಕಕ್ಕೆ ನನಗೆ ಡಿಸ್ಟಿಂಕ್ಷನ್ ತಪ್ಪಿತು, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಸುದ್ದಿ ಸಂಜೆಯೊಳಗೆ ಕಾಲೇಜೆಲ್ಲ ಹರಡಿತು. ಪ್ರಿನ್ಸಿಪಾಲರು, ಇನ್ನು ಮೇಲೆ ಇವರು ಕಟ್ಟಿದ ಬೋರ್ಡನ್ನು ಇನ್ನೊಬ್ಬ ಮೇಷ್ಟ್ರು ನೋಡಿ ಸಹಿ ಹಾಕಬೇಕು ಎಂದು ಆದೇಶ ಹೊರಡಿಸಿದರು. ಹುಡುಗರಿಗೆ ಮೇಷ್ಟ್ರ ಮೇಲೆ ವಿಪರೀತ ಕರುಣೆ ಬಂತು. ಅವರು ಬಸ್‌ಸ್ಟ್ಯಾಂಡಿಗೆ ಹೋದರೆ ಸಾರ್ ಕೆಂಪು ಬಸ್ಸು, ಕ್ಯಾಂಟೀನಿಗೆ ಹೋದರೆ ಸಾರ್ ಹಸಿರು ಚಟ್ನಿ ಎಂದು ಕೂಗತೊಡಗಿದರು. ನನಗೆ ಬಣ್ಣ ಕಾಣಲ್ಲ ಕಣ್ರಯ್ಯಾ, ಬಸ್ಸು ಕಾಣುತ್ತೆ ಎಂದು ಬೈದು ಓಡಿಸಬೇಕಾಯಿತು. ಮುಂದಿನ ವರ್ಷ ಅವರು ಯಾವ ಬೋರ್ಡನ್ನೂ ಕಟ್ಟಲಿಲ್ಲ. ವಿದ್ಯಾರ್ಥಿಗಳೇ ಕಟ್ಟಿದರೆ ಕಲಿಯುತ್ತಾರೆ ಎಂಬ ಕಾರಣ ಕೊಟ್ಟರು. ನಾವು ಅದನ್ನು ನಂಬಿದೆವು, ನಂಬಿದರೆ ನಮಗೇ ಹಗುರ.

ಇದಾಗಿ ಹನ್ನೊಂದು ವರ್ಷ. ನಾನೀಗ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೀಟರುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಮಾದೇಶ ಹಂಪಾಪುರದಲ್ಲಿ ಪಂಪ್‌ಸೆಟ್ಟು ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೀಳ್ಕೊಡುಗೆಗೆ ಇಬ್ಬರೂ ಹೋದೆವು, ಅಕ್ಕಪಕ್ಕ ಕೂತೆವು. ಹಾರ, ಶಾಲು, ಭಾಷಣಗಳು ಮುಗಿದ ಮೇಲೆ ಮೇಷ್ಟ್ರು ಎದ್ದರು. ಎಲ್ಲರನ್ನೂ ನಗಿಸಿದರು. ಕೊನೆಗೆ, ನನ್ನ ಸರ್ವೀಸಿನಲ್ಲಿ ಒಂದೇ ಒಂದು ಬೋರ್ಡು ತಪ್ಪು ಕಟ್ಟಿದೆ, ಅದನ್ನೂ ಮೈಸೂರಿನವರ ಮುಂದೆಯೇ ತೋರಿಸಿದೆ ಎಂದು ಆ ಕತೆ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಮಾದೇಶ ತನ್ನ ಚಪ್ಪಲಿ ನೋಡುತ್ತಿದ್ದ.

ಊಟಕ್ಕೆ ಅಕ್ಕ ಬಂದು ನನ್ನ ಪಕ್ಕದ ಎಲೆಗೇ ಕೂತರು. ನಾನು ಮಾತಿಗೆ, ಈಗಲೂ ಗಂಟು ಕಟ್ಟುತ್ತೀರಾ ಅಕ್ಕ ಎಂದೆ. ಅಕ್ಕ ಮೂಲದಿಂದಲೇ ಶುರುಮಾಡಿದರು. ಹೆಣ್ಣು ನೋಡಲು ಬಂದ ದಿನ ಮೇಷ್ಟ್ರು ಅಕ್ಕನ ಕೆಂಪು ಸೀರೆ ನೋಡಿ ಹಸಿರು ನಿಮಗೆ ಒಪ್ಪುತ್ತೆ ಅಂದಿದ್ದರಂತೆ. ರೈಲ್ವೆ ಕೆಲಸ ಈ ಕಣ್ಣಿನಿಂದಲೇ ತಪ್ಪಿದ್ದನ್ನೂ ಅವತ್ತೇ ಹೇಳಿದರಂತೆ. ಅಕ್ಕ ಯಾರಿಗೂ ಬಾಯಿ ಬಿಡದೆ ಮದುವೆಯಾದರು. ಅಂದಿನಿಂದ ತಂತಿ, ದಾರ, ಮಾತ್ರೆ ಎಲ್ಲಕ್ಕೂ ಗಂಟಿನ ಲೆಕ್ಕ. ಇಷ್ಟನ್ನು ನಗುತ್ತ ಹೇಳಿದವರು, ಆಮೇಲೆ ದನಿ ತಗ್ಗಿಸಿದರು.

"ಆ ಬೋರ್ಡಿಂದು ಆದ್ಮೇಲೆ ನಾನು ಗಂಟು ಕಟ್ಟೋದ್ ಬುಟ್ಬುಟ್ಟೆ ಕಣವ್ವ. ಮುಚ್ಚಳದ ಚೀಲಕ್ಕೆ ಗಂಟು ಆಕಿದ್ದು ನಾನೇ ಅಲ್ವಾ. ತಪ್ಪು ನಂದು ಅಂತೀನಿ, ಅವರು ಇಲ್ಲ ನಂದು ಅಂತಾರೆ. ಬಿಪಿ ಮಾತ್ರೆ, ಸುಗರ್ ಮಾತ್ರೆ ಏನಾರ ಅಂಗೇ ಅದಲುಬದಲು ಆದ್ರೆ? ಈಗ ಎಲ್ಲಕ್ಕೂ ಚೀಟಿ ಬರೆದು ಅಂಟಿಸ್ತೀನಿ, ಪಕ್ಕದ ಮನೇವ್ರ ಕೈಲಿ ಇನ್ನೊಂದ್ಸಲ ನೋಡಿಸ್ತೀನಿ."

ಮೇಷ್ಟ್ರು ಬೋರ್ಡು ಕಟ್ಟುವುದನ್ನು ಯಾಕೆ ಬಿಟ್ಟರೆಂದು ಆಗ ಗೊತ್ತಾಯಿತು. ಆ ಮನೆಯಲ್ಲಿ ಇಬ್ಬರೂ ಹನ್ನೊಂದು ವರ್ಷದಿಂದ ತಮ್ಮ ಕೈಯನ್ನು ತಾವೇ ನಂಬದೆ ಬದುಕಿದ್ದರು, ನಮ್ಮ ಒಂದು ದೋಸೆಗೋಸ್ಕರ. ನನಗೆ ನನ್ನ ಮೇಲೆ ಬಂದ ಅಸಹ್ಯ ಅಷ್ಟಿಷ್ಟಲ್ಲ. ಎದುರು ಸಾಲಿನಲ್ಲಿದ್ದ ಮಾದೇಶನ ಹತ್ತಿರ ಹೋಗಿ ಹೇಳಿದೆ. "ಬುಡಮ್ಮಿ, ಇವತ್ತು ಅವರ ದಿನ, ಯಾಕ್ ಕೆಡಿಸ್ತೀಯ" ಅಂದ. ಅಂದವನೇ ನನಗಿಂತ ಮೊದಲು ಎದ್ದು, ಎಂಜಲು ಕೈಯಲ್ಲೇ ಮೇಷ್ಟ್ರ ಮುಂದೆ ಹೋಗಿ ನಿಂತ.

ಮೇಷ್ಟ್ರು ಆಗಷ್ಟೇ ಅಕ್ಕನ ಇನ್ನೊಂದು ಪಕ್ಕಕ್ಕೆ ಬಂದು ಎಲೆಯ ಮುಂದೆ ಕೂತಿದ್ದರು. ಹಿಂದೆಯೇ ಬಂದ ನನ್ನ ಕಡೆ ಮಾದೇಶ ಕೈ ತೋರಿಸಿದ, ನಾನೇ ಹೇಳಿದೆ. ಶನಿವಾರ, ಟೀ ಹೊತ್ತು, ಬಾಗಿಲು ಕಾದದ್ದು, ಮುಚ್ಚಳ ತಿರುಗಿಸಿದ್ದು, ಪಂಥ, ಬೀಗ, ಸೋಮವಾರ ಗೋಡೆ ನೋಡುತ್ತ ನಿಂತದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಹಾಗಾದರೆ ಶನಿವಾರ ಬೋರ್ಡು ತಂದಾಗ ಕೆಂಪು ಮೇಲಿತ್ತೇ ಎಂದು ಕೇಳಿದರು. ಮೇಲೇ ಇತ್ತು ಸಾರ್ ಎಂದೆ. ಹಸಿರು? ಕೆಳಗಿತ್ತು. ನಿನ್ನ ಕಣ್ಣಾರೆ ಕಂಡೆಯಾ? ಕಂಡೆ ಸಾರ್. ಮಾದೇಶನನ್ನೂ ಅದೇ ಮೂರು ಪ್ರಶ್ನೆ ಕೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ನಿನ್ನ ಗಂಟು ಸರಿಯಾಗೇ ಇತ್ತಂತೆ ಕಣೇ" ಎಂದರು.

ಅಕ್ಕ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, ಹಾಳಾದವರೇ ಎಂದು ಶುರುಮಾಡಿದವರು ಮುಂದುವರಿಸಲಾಗದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಎದ್ದು ನಿಂತರು. ಬಡಿಸಿದ ಎಲೆ ಬಿಟ್ಟು, ಊಟದ ಸಾಲು ದಾಟಿ, ಸೀದಾ ವೇದಿಕೆ ಹತ್ತಿದರು. ಅಲ್ಲಿ ಯಾರೋ ಬಾಗಿಲಿಗೆ ಅಡ್ಡ ನಿಲ್ಲಿಸಿದ ಬೈಕು ತೆಗೆಯಿರಿ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಅವರ ಕೈಯಿಂದ ಮೈಕು ಕಿತ್ತುಕೊಂಡರು.

"ನಾನು ಕಟ್ಟಿದ ಆ ಬೋರ್ಡು ಸರಿಯಾಗಿತ್ತು. ನನ್ನ ಹೆಂಡತಿ ಕಟ್ಟಿಕೊಟ್ಟ ಗಂಟೂ ಸರಿಯಾಗಿತ್ತು. ಮೇಲೆ ಕೆಂಪು, ಕೆಳಗೆ ಹಸಿರು. ನಾವಿಬ್ಬರೂ ತಪ್ಪು ಮಾಡಿರಲಿಲ್ಲ."

ಸಭೆಗೆ ಏನೊಂದೂ ತಿಳಿಯಲಿಲ್ಲ. ಅರ್ಧ ಜನ ಪಾಯಸದಲ್ಲಿದ್ದರು, ಪ್ರಿನ್ಸಿಪಾಲರು ಸುಮ್ಮನೆ ಚಪ್ಪಾಳೆ ತಟ್ಟಿದರು. ಅಕ್ಕ ಕೂತಲ್ಲಿಂದಲೇ, ಸಾಕು ಬನ್ನಿ, ಅನ್ನ ಆರೋಯ್ತದೆ ಎಂದು ಕರೆದರು.

"ಇರೇ, ಇನ್ನೊಂದ್ಸಲ ಹೇಳ್ತೀನಿ" ಎಂದರು ಮೇಷ್ಟ್ರು, ಮೈಕಿನಲ್ಲೇ. ಇನ್ನೊಂದು ಸಲ ಹೇಳಿದರು.